ಬೆನ್ನ ಮೇಲಿನ ಫೋಟೋ

ಇಂಡಿ
೧೯ ಜನವರಿ ೨೦೨೫

ಪ್ರೀತಿಯ ಕೌಸರ,

ನೀನು, ಮಕ್ಕಳು, ಸೊಲ್ಲಾಪುರದ ನಿನ್ನ ಹೊಲಿಗೆ ಅಂಗಡಿ ಎಲ್ಲ ಚೆನ್ನಾಗಿರಬೇಕು. ಡಿಸೆಂಬರಿನಲ್ಲಿ ನೀನು ಕಳಿಸಿದ ವಾಯ್ಸ್ ಮೆಸೇಜಿಗೆ ಒಂದು ತಿಂಗಳಾದರೂ ಉತ್ತರ ಕೊಡಲಿಲ್ಲ, ಸಿಟ್ಟಾಗಬೇಡ. "ಸೈಕಲ್ ಮ್ಯಾಲ ಊರೂರು ತಿರುಗಿ ಬಂದೀಯಂತಲ್ಲ ಮುದುಕಿ, ಮೊಣಕಾಲ ಉಳದಾವೋ ಇಲ್ಲೋ?" ಎಂದು ಕೇಳಿದ್ದೆ. ಉಳಿದಿವೆ. ಮೂರು ಸಲ ನಿನಗೆ ಫೋನ್ ಮಾಡಲು ಹೋಗಿ ಬಿಟ್ಟೆ. ನಿನ್ನ ದನಿ ಕೇಳಿದರೆ ನಾವಿಬ್ಬರೂ ನಗಲು ಶುರುಮಾಡುತ್ತೇವೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಈ ಕಾಗದ. ಇಂಗ್ಲಿಷ್ ಶಾಲೆಯ ನನ್ನ ಕನ್ನಡದಲ್ಲಿ ತಪ್ಪು ಸಿಕ್ಕರೆ ಮಾತ್ರ ನಗು, ಅದಕ್ಕೆ ಅಡ್ಡಿಯಿಲ್ಲ.

ನಾನು ಪಾಠ ಮಾಡುವ ಕಾಲೇಜಿನವರು, ಊರಿನವರು ಸೇರಿ ಹನ್ನೆರಡು ಜನ. ಇಂಡಿಯಿಂದ ಸಿಂದಗಿ, ಅಲ್ಲಿಂದ ಮುದ್ದೇಬಿಹಾಳ, ಕೊನೆಗೆ ಬಸವನ ಬಾಗೇವಾಡಿ, ಒಟ್ಟು ಮೂರು ದಿನ. ದೀಪಾವಳಿ ಮುಗಿದೊಡನೆ ಗಂಡ ಹೆಂಡತಿ ಜೋಡಿಯಾಗಿ ಪಂಢರಪುರದ ಕಡೆ ಕಬ್ಬು ಕಡಿಯಲು ಹೋಗುತ್ತಾರಲ್ಲ, ಅವರ ಮಕ್ಕಳು ಇಲ್ಲೇ ಉಳಿದು ಓದಲೆಂದು ಲಚ್ಯಾಣದ ಹತ್ತಿರ ಬಾಡಿಗೆ ಮನೆಯಲ್ಲಿ ಒಂದು ವಸತಿ ನಡೆಯುತ್ತದೆ. ಅದಕ್ಕೆ ಹಣ ಕೂಡಿಸುವುದು ನಮ್ಮ ಉದ್ದೇಶ. ಹೆಲ್ಮೆಟ್, ಗೇರಿನ ಸೈಕಲ್, ಹಿಂದೆ ನೀರಿನ ಗಾಡಿ. ನೀನು ನೋಡಿದ್ದರೆ ರಸ್ತೆಯಲ್ಲೇ ಕುಳಿತು ನಗುತ್ತಿದ್ದೆ.

ಹೊರಡುವ ಮುನ್ನ ವಸತಿ ನೋಡಿ ಬರಲೆಂದು ಲಚ್ಯಾಣದ ರಸ್ತೆಗೆ ಬಂದಾಗ ನನಗೆ ನಿಮ್ಮ ಅಪ್ಪನ ಅಂಗಡಿ ಕಣ್ಣಿಗೆ ಕಟ್ಟಿತು. ಶಹಾಬುದ್ದೀನ ಚಾಚಾ ಬಾಡಿಗೆ ಸೈಕಲ್ಲು ಹೋದ ಹೊತ್ತನ್ನು ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ನಾನು ಒಯ್ದಾಗ ಮಾತ್ರ ಬರೆಯುತ್ತಿರಲಿಲ್ಲ. ದೊಡ್ಡವರ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ತುಳಿಯುವುದನ್ನು ನೀನು ನನಗೆ ಕಲಿಸಿದೆ. ಒಮ್ಮೆ ಯಾರಿಗೂ ಹೇಳದೆ ಇದೇ ರಸ್ತೆಯಲ್ಲಿ ಬಂದು, ಚೈನು ಕಳಚಿ, ಜೋಳದ ಹೊಲದ ಬದುವಿನ ಮೇಲೆ ಕುಳಿತಿದ್ದೆವು. ಹುಡುಕಿಕೊಂಡು ಬಂದ ಚಾಚಾ ನಮ್ಮತ್ತ ನೋಡದೆ ಮೊದಲು ಸೈಕಲ್ಲನ್ನು ತಿರುಗಿಸಿ ನೋಡಿದರು. "ಇದಕ್ಕೇನೂ ಆಗಿಲ್ಲ. ಇನ್ನ ನಿಮ್ಮನ್ನ ಬೈಲಿಕ್ಕೆ ಏನೂ ಉಳೀಲಿಲ್ಲ" ಎಂದು ಚುರುಮುರಿಯ ಪೊಟ್ಟಣ ಕೊಟ್ಟರು. ಆ ಹೊಲ ಎಲ್ಲಿತ್ತು ಎಂದು ಈ ಸಲ ಹುಡುಕಿದೆ. ಈಗ ಎಲ್ಲ ಕಡೆಯೂ ಕಬ್ಬು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಸವಾರರ ಅಂಗಿಯ ಬೆನ್ನಿನ ಮೇಲೆ ವಸತಿಯ ಒಂದು ಮಗುವಿನ ಚಿತ್ರವಿರಲಿ ಎಂದು ನಮ್ಮ ಜೊತೆಯ ಸವಾರ, ದಂತವೈದ್ಯ ಚೇತನಕುಮಾರ ಹೇಳಿದ. ನಾವು ಆರಿಸಿದ್ದು ಕೋಮಲ ಎಂಬ ಹನ್ನೊಂದು ವರ್ಷದ ಹುಡುಗಿಯನ್ನು. ಸಿಂದಗಿಯ ಹತ್ತಿರದ ಹಳ್ಳಿಯವಳು, ದೊಡ್ಡ ಕಣ್ಣು, ಓದಿನಲ್ಲಿ ಮುಂದೆ. ಚಿತ್ರ ಕಪ್ಪುಬಿಳುಪಿನಲ್ಲಿದ್ದರೆ ಗಂಭೀರವಾಗಿ ಕಾಣುತ್ತದೆ ಎಂದವಳು ನಾನು. ಕೆಳಗೆ ಬರೆದವಳೂ ನಾನೇ: "ಕೋಮಲ. ಕಬ್ಬು ಕಡಿಯುವವರ ಮಗಳು. ಅವಳ ಕನಸು ಬದುಕಲಿ." ತಲೆಯಲ್ಲಿ ಇಂಗ್ಲಿಷಿನಲ್ಲಿ ಹೊಳೆದದ್ದನ್ನು ಕನ್ನಡಕ್ಕಿಳಿಸಿ ಹೆಮ್ಮೆಪಟ್ಟೆ. ನಮ್ಮ ಕಡೆ ಹೆಸರಿನ ಸಮೇತ ಕಪ್ಪುಬಿಳುಪಿನ ಫೋಟೋ ಯಾರದು ಹಾಕುತ್ತಾರೆ ಎಂಬುದು ನಿನಗೆ ಗೊತ್ತು. ಸರ್ಕಲ್ಲಿನ ಕಂಬಕ್ಕೆ ಕಟ್ಟಿದ ಶ್ರದ್ಧಾಂಜಲಿಯ ಬ್ಯಾನರುಗಳನ್ನು ದಿನಾಲೂ ನೋಡಿಕೊಂಡೇ ಕಾಲೇಜಿಗೆ ಹೋಗುವ ನನಗೆ ಹೊಳೆಯಲಿಲ್ಲ.

ಸಿಂದಗಿಯಲ್ಲಿ ಜನ ನಮ್ಮನ್ನು ಕಂಡು ಸುಮ್ಮನೆ ನಿಂತರು. ಚಹಾದಂಗಡಿಯ ಕಾಳಪ್ಪ ಟೋಪಿ ತೆಗೆದ, ಹಣ ಕೊಟ್ಟರೆ ಬೇಡವೆಂದ. ಕೂಸಿಗೆ ಏನಾಗಿತ್ತು ಎಂದು ಮೆಲ್ಲಗೆ ಕೇಳಿದ. ಹುಬ್ಬಳ್ಳಿಯಲ್ಲಿ ಬೆಳೆದ ಚೇತನ ಅವನ ಪ್ರಶ್ನೆಯ ಅರ್ಥ ಹಿಡಿಯದೆ, ಪಾಪ, ಆ ಮನೆಯಲ್ಲಿ ಬಹಳ ಕಷ್ಟ ಎಂದಷ್ಟೇ ಹೇಳಿದ. ಹೂ ಮಾರುವ ಮುದುಕಿ ಅವನ ಬೆನ್ನಿಗೆ ಸೇವಂತಿಗೆ ಮುಟ್ಟಿಸಿ ಕಣ್ಣೊರೆಸಿಕೊಂಡಳು. ನಾನು ಅದನ್ನೆಲ್ಲ ಕಂಡು, ಸಿಂದಗಿಯವರ ಮನಸ್ಸು ದೊಡ್ಡದು ಎಂದು ನಮ್ಮ ವಾಟ್ಸಾಪ್ ಗುಂಪಿಗೆ ಬರೆದು ಕಳಿಸಿದೆ.

ಅಲ್ಲಿದ್ದವರಲ್ಲಿ ಯಾರೋ ಆ ಬೆನ್ನಿನ ಚಿತ್ರ ತೆಗೆದರು. ಸಂಜೆಯ ಹೊತ್ತಿಗೆ ಅದು ಪಂಢರಪುರದ ಕಬ್ಬಿನ ಹೊಲ ಮುಟ್ಟಿತ್ತು. ಕೋಮಲಳ ತಾಯಿ ಗುಂಡವ್ವ ವಸತಿಗೆ ಫೋನ್ ಮಾಡಿದಳಂತೆ. ನಮ್ಮ ಸವಾರಿಯನ್ನು ಜನರಿಗೆ ತೋರಿಸಿ ತೋರಿಸಿ ವಸತಿಯವರ ಫೋನಿನ ಚಾರ್ಜೇ ಮುಗಿದಿತ್ತು. ಆಕೆ ಕೈಚೀಲವನ್ನೂ ತೆಗೆದುಕೊಳ್ಳದೆ ಲಾರಿ ಹತ್ತಿದಳು. ಮರುದಿನ ಲಚ್ಯಾಣ ಸೇರಿದಾಗ ಮಗಳು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳಂತೆ.

ಮುದ್ದೇಬಿಹಾಳದಲ್ಲಿ ಸುದ್ದಿ ತಿಳಿದಾಗಿನಿಂದ ನನಗಿದ್ದ ಭಯ ಒಂದೇ. ತಾಯಿ ಹುಡುಗಿಯನ್ನು ಹೊಲಕ್ಕೆ ಒಯ್ದುಬಿಟ್ಟರೆ ಅವಳ ಓದು ಅಲ್ಲಿಗೆ ಮುಗಿಯಿತು. ಮೂರನೆಯ ದಿನ ಅಂಗಿಗಳನ್ನು ತಿರುವಿ ಹಾಕಿಕೊಂಡು ನಿಡಗುಂದಿಯ ಮೇಲೆ ಬಾಗೇವಾಡಿಗೆ ಬಂದೆವು. ವಸತಿಯ ಮಕ್ಕಳು ಟೆಂಪೊದಲ್ಲಿ ಸಮಾರಂಭಕ್ಕೆ ಬಂದಿದ್ದರು, ಅವರ ಜೊತೆ ಗುಂಡವ್ವನೂ. ಸಭಾಭವನದ ಹಿಂದಿನ ಪಡಸಾಲೆಯಲ್ಲಿ ಮಗಳ ಕೈ ಹಿಡಿದು ಕುಳಿತಿದ್ದಳು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

"ಲಾರಿಯಾಗ ಕುಂತು ಇಡೀ ಹಾದಿ ಏನ್ ವಿಚಾರ ಮಾಡೀನಿ ಗೊತ್ತೇನ್ರಿ ಬಾಯಾರ?" ಎಂದಳು ಆಕೆ. "ಅಕಿನ್ನ ಎಲ್ಲಿ ಮಣ್ಣ ಮಾಡ್ಲಿ ಅಂತ. ನಮಗ ಹೊಲ ಇಲ್ಲ."

ನಾನು ಏನೇನೋ ಹೇಳಿದೆ. ಒಳ್ಳೆಯದಕ್ಕೇ ಮಾಡಿದ್ದು, ವಸತಿಯವರ ಒಪ್ಪಿಗೆ ಇತ್ತು, ಫೋಟೋ ನೋಡಿಯೇ ಎಷ್ಟೋ ಜನ ಮುಂದೆ ಬಂದರು ಅಂತ. ಗುಂಡವ್ವ ಕೇಳಿಸಿಕೊಂಡು, "ಇಕಿನ್ನ ಕೇಳಿದ್ರೇನ್ರಿ?" ಎಂದಳು.

ಕೇಳಿರಲಿಲ್ಲ. ಹುಡುಗಿಯನ್ನು ಕರೆದುಕೊಂಡು ಹೋಗಬೇಡ ಎಂದು ಬೇಡಿಕೊಂಡೆ.

"ನಾ ಒಯ್ಯಾಕ ಬಂದಿಲ್ಲ. ಉಸರ ಐತಿಲ್ಲೋ ನೋಡಾಕ ಬಂದೇನಿ. ಇರ್ಲಿ, ಓದ್ಲಿ, ನನಗೂ ಅದ ಬೇಕು."

ನನಗೆ ಜೀವ ಬಂದಂತಾಯಿತು. ಆದರೆ ಕೋಮಲ ನೆಲ ನೋಡುತ್ತ, "ನಾ ಅವ್ವನ ಕೂಡ ಹೋಗ್ತೇನಿ" ಎಂದಳು.

ತಾಯಿಯೇ ಬೈದಳು, ಕೈ ಎತ್ತಿದಳು. ಹುಡುಗಿ ಬಗ್ಗಲಿಲ್ಲ. ಯಾಕವ್ವ ಎಂದು ನಾನು ಕೇಳಿದೆ. ಮೊದಲು ಕೇಳಬೇಕಿದ್ದವಳು ಕೊನೆಗೆ ಕೇಳಿದೆ.

"ನಮ್ಮಪ್ಪ ಪುಣೇದಾಗ ಡ್ರೈವರ್ ಅದಾನಂತ ಸಾಲ್ಯಾಗ ಹೇಳಿದ್ನಿರಿ. ಈಗ ಎಲ್ಲಾರಿಗೂ ಗೊತ್ತಾತು. ಯಾರೂ ಏನೂ ಅನ್ನಂಗಿಲ್ಲ. ಸುಮ್ನ ಪೆನ್ಸಿಲ್ ತಂದು ಕೊಡ್ತಾರ."

ಚೇತನಕುಮಾರ ಕಂಬದ ಹತ್ತಿರ ನಿಂತು ಕೇಳಿಸಿಕೊಂಡವನು ಅಂಗಿ ತೆಗೆದು ಮಡಚಿ ಬ್ಯಾಗಿಗೆ ಹಾಕಿದ, ಬರೀ ಬನಿಯನ್ನಿನಲ್ಲಿ ಹೊರಗೆ ಹೋದ. ಕೊನೆಗೆ ತಾಯಿಯೇ ಸೋತಳು, ಇಬ್ಬರೂ ಪಂಢರಪುರಕ್ಕೆಂದು ವಿಜಯಪುರದ ಬಸ್ಸು ಹತ್ತಿದರು. ನಾನು ವೇದಿಕೆಗೆ ಹೋಗಿ, ಕೋಮಲಳಿಗೆ ಜ್ವರ, ಬರಲಾಗಲಿಲ್ಲ ಎಂದು ಸುಳ್ಳು ಹೇಳಿದೆ. ನಮ್ಮ ಗುರಿಗಿಂತ ಹೆಚ್ಚೇ ಹಣ ಕೂಡಿತು. ಉಳಿದ ಮಕ್ಕಳಿಗೆ ಮಾರ್ಚಿನವರೆಗೆ ಚಿಂತೆಯಿಲ್ಲ. ಇದು ಸಣ್ಣ ಮಾತಲ್ಲ ಎಂದು ಎಲ್ಲರೂ ನನಗೆ ಹೇಳುತ್ತಾರೆ, ನಾನೂ ಹೇಳಿಕೊಳ್ಳುತ್ತೇನೆ. ಅಂಗಿಗಳನ್ನು ಅವತ್ತೇ ಒಟ್ಟುಮಾಡಿ ನಮ್ಮ ಮನೆಗೆ ತಂದಿದ್ದೇನೆ. ಸುಡಲೂ ಆಗುತ್ತಿಲ್ಲ, ಒಗೆಯಲೂ ಆಗುತ್ತಿಲ್ಲ.

ಪ್ರತಿ ಭಾನುವಾರ ಗುಂಡವ್ವನಿಗೆ ಫೋನ್ ಮಾಡುತ್ತೇನೆ. ಆಕೆ ಮಾತಾಡುತ್ತಾಳೆ. ಕೋಮಲ ತಂಗಿಯನ್ನು ಮಲಗಿಸುತ್ತಿದ್ದಾಳೆ ಎನ್ನುತ್ತಾಳೆ. ಪ್ರತಿ ಸಲವೂ ಮಲಗಿಸುತ್ತಿರುತ್ತಾಳೆ.

ನಿನ್ನ ಮಗ ತಬ್ರೇಜನಿಗೆ, ಮಗಳು ನಜಮಾಳಿಗೆ ನನ್ನ ಆಶೀರ್ವಾದ. ಇಬ್ಬರೂ ಕೈಗೆತ್ತಿಕೊಂಡ ಕೆಲಸ ಚೆನ್ನಾಗಿ ನಡೆಯಲಿ, ಮಕ್ಕಳು ನಿನ್ನ ಕಣ್ಣಿಗೆ ತಂಪಾಗಿರಲಿ.

ನಿನ್ನ
ರೇಣುಕಾ

ತಾ.ಕ.: ಎಂಟನೆಯ ಇಯತ್ತೆಯಲ್ಲಿ ಹೆಡ್‌ಮಿಸ್ ನಿನ್ನನ್ನು ಪ್ರಾರ್ಥನೆಯ ಹೊತ್ತಿಗೆ ಮುಂದೆ ಕರೆದು, ಫೀಸು ಮಾಫಿಯಾಗಿದೆ ಎಂದು ಹೇಳಿ, ಯಾರದೋ ಹಳೆಯ ಯೂನಿಫಾರ್ಮ್ ಕೈಗೆ ಕೊಟ್ಟರಲ್ಲ, ಅವರಿಗೆ ನಿಮ್ಮ ಮನೆಯ ಕಷ್ಟ ಹೇಳಿದ್ದು ನಾನು. ಯಾರಿಗೂ ಹೇಳಬೇಡ ಎಂದು ನೀನು ನನ್ನೊಬ್ಬಳಿಗೇ ಹೇಳಿದ್ದೆ. ಉಪಕಾರ ಮಾಡಿದೆನೆಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಮರುದಿನದಿಂದ ನೀನು ಬರಲಿಲ್ಲ. ಅವಳ ಅಪ್ಪ ಶಾಲೆ ಬಿಡಿಸಿದರಂತೆ, ಹೆಣ್ಣುಮಕ್ಕಳನ್ನು ಅವರಲ್ಲಿ ಓದಿಸುವುದಿಲ್ಲ ಎಂದು ಮೂವತ್ತು ವರ್ಷ ಕೇಳಿದವರಿಗೆಲ್ಲ ಹೇಳಿದ್ದೇನೆ. ಚಾಚಾ ತೀರಿಕೊಂಡ ದಿನ ನಿಮ್ಮ ಅಂಗಳದಲ್ಲಿ ನಿಂತೂ ಒಬ್ಬರಿಗೆ ಹಾಗೆಯೇ ಹೇಳಿದೆ. ಕೌಸರ, ನಿನ್ನನ್ನು ನಾನು ಒಮ್ಮೆಯೂ ಕೇಳಲಿಲ್ಲ. ಶಾಲೆ ಬಿಡಿಸಿದ್ದು ಅವರೋ, ಬಿಟ್ಟದ್ದು ನೀನೋ?