ಅವ್ವನ ಗುರುತಿನ ಮೇಲೆ ಲೇಬಲ್ ಬೇಡ

ಸುನೀಲ,

ನೇಕಾರರ ಸಭೆಗೆ ಲಕ್ಷ್ಮೇಶ್ವರಕ್ಕೆ ಹೊರಟಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿದೆ, ಅವ್ವನಿಗೂ ಬಡಿಸು.

ಸೀರೆ ಮಾರುವ ಕಂಪನಿಯವನು ಕೊಟ್ಟುಹೋದ ಕ್ಯೂಆರ್ ಲೇಬಲ್‌ಗಳನ್ನು ಅವ್ವ ನೇಯ್ದ ಸೀರೆಗಳಿಗೆ ಹೊಲಿಯಬೇಡ. "ಒಂದ ಕೋಡ್ ಸಾಕ್ರಿ ಅಕ್ಕಾರ, ಯಾವ ಫೋನಿದ್ರೂ ನಮ್ಮ ಆ್ಯಪ್ ಇಳಿತೈತಿ" ಅಂದನಲ್ಲ, ಅದೇನೋ ಖರೆ. ನನ್ನ ಫೋನಿನಲ್ಲೂ ಇಳಿಯಿತು, ಪಕ್ಕದ ಮನೆ ಶೀತಲ್‌ಳ ಐಫೋನಿನಲ್ಲೂ ಇಳಿಯಿತು. ಎರಡರಲ್ಲೂ ಹುಡುಕಿದೆ. ಅವ್ವನ ಸೀರೆ ಇದೆ, ಅವ್ವನ ಹೆಸರಿಲ್ಲ. ಇದು ತನ್ನ ಕೈಯದೆಂದು ಸೆರಗಿನ ತುದಿಗೆ ಅವಳು ನೇಯುವ ಕೆಂಪು ಗುರುತಿನ ಮೇಲೆಯೇ ಲೇಬಲ್ ಹೊಲಿಯಿರಿ ಎಂದು ಅವನು ಹೇಳಿದ್ದೇಕೆ, ಯೋಚಿಸು.

"ಪಾಪ, ಚೊಲೋ ಹುಡುಗ ಅದಾನ" ಎನ್ನುತ್ತಾಳೆ ಅವ್ವ. ನೀನೂ ಕರಗಬೇಡ. ಅವನು ಬಂದರೆ ಚಹಾ ಕೊಡು, ಲೇಬಲ್ ಕಟ್ಟನ್ನೂ ಕೊಟ್ಟು ಕಳಿಸು.

ಸೀರೆಯ ಟ್ರಂಕಿನ ಕೀಲಿ ಹುಡುಕಬೇಡ, ನಾನೇ ಒಯ್ದಿದ್ದೇನೆ. ನಿನ್ನೆ ಅವನಿಗೆ "ಆತ್ರಿ, ಹೊಲಿತೇನ್ರಿ" ಅಂದವನು ನೀನೇ ಅಲ್ಲವೇ?

ಸಪ್ನಕ್ಕ