ಮಗಳಿಗೆ ಸೀಟು ಸಿಕ್ಕಿದೆ, ದೂರು ಹಾಗೇ ಇದೆ

ಶಿಕ್ಷಣ ಇಲಾಖೆಯ ಮಾನ್ಯ ನಿರ್ದೇಶಕರೇ,

ಶಾಲೆಯ ಕೊನೆಯ ತರಗತಿಗಳಲ್ಲಿ ‘ಉನ್ನತ ವಿಜ್ಞಾನ’ ಎಂಬ ಕೋರ್ಸು ನಡೆಸುವವರು ನೀವು. ಅದನ್ನು ಓದಿದವರಿಗೆ ವೈದ್ಯಕೀಯ ಪ್ರವೇಶ ಪರೀಕ್ಷೆ ನೀರು ಕುಡಿದಷ್ಟು ಸುಲಭ ಎಂದು ಸಾರುವವರೂ ನೀವೇ. ಇದು ಹಸಿ ಸುಳ್ಳು. ಸೋತವರ ಹೊಟ್ಟೆಕಿಚ್ಚೆಂದು ಈ ಪತ್ರವನ್ನು ಕಸದ ಬುಟ್ಟಿಗೆ ಹಾಕುವ ಅವಕಾಶ ನಿಮಗಿಲ್ಲ. ನನ್ನ ಮಗಳು ಪಾಸಾಗಿದ್ದಾಳೆ. ಹೇಗೆ ಪಾಸಾದಳು ಎಂಬುದೇ ನನ್ನ ದೂರು.

ಆ ಕೋರ್ಸನ್ನು ಅವಳು ಪ್ರೀತಿಯಿಂದ ಓದಿದಳು. ಪ್ಲಂಬರ್ ಆಗಿರುವ ನನ್ನ ತಮ್ಮನಿಂದ ಉದ್ದದ ಪೈಪು ಇಸಿದುಕೊಂಡು, ನಮ್ಮ ಬಚ್ಚಲಲ್ಲಿ ಅದರೊಳಗೆ ನೀರಿನ ಮಟ್ಟ ಏರಿಸಿ ಇಳಿಸಿ, ನೀರಿನ ಮೇಲಿನ ಗಾಳಿಯಲ್ಲಿ ಶಬ್ದದ ವೇಗ ಅಳೆದಳು. ಉತ್ತರ ಪುಸ್ತಕದಲ್ಲಿದ್ದಂತೆ ಬರಲಿಲ್ಲ. ಅವಳಪ್ಪ ಟವೆಲ್ ಹೆಗಲಿಗೇರಿಸಿ ಬಾಗಿಲ ಹೊರಗೆ ಕಾಯುತ್ತಿದ್ದರು, ಇವಳು ಒಳಗೆ ಯೋಚಿಸುತ್ತಲೇ ಇದ್ದಳು. ಕಡೆಗೆ ಬಚ್ಚಲಿನ ಬಿಸಿ ಗಾಳಿಯೇ ಕಾರಣವೆಂದು ತಾನೇ ಕಂಡುಕೊಂಡಳು. “ಸರಿ ಉತ್ತರಕ್ಕಿಂತ ಈ ಅನುಮಾನ ದೊಡ್ಡದು ಕಣಮ್ಮ” ಎಂದರಂತೆ ಅವಳ ಮೇಷ್ಟ್ರು.

ನೀವೇ ನಡೆಸುವ ಪ್ರವೇಶ ಪರೀಕ್ಷೆಯಲ್ಲಿ ಶಬ್ದದ ಬಗ್ಗೆಯೇ ಕೇಳಿದಿರಿ. ಗಾಳಿಯ ಉಷ್ಣತೆ ಎಷ್ಟೆಂದು ಹೇಳಲಿಲ್ಲ. ಗುರುತು ಹಾಕಲು ನೀವು ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದು ತಣ್ಣನೆಯ ದಿನಕ್ಕೆ ಸರಿ, ಇನ್ನೊಂದು ಸೆಖೆಯ ದಿನಕ್ಕೆ. ಅವಳು ಅಲ್ಲೇ ನಿಂತುಬಿಟ್ಟಳು, ಗಡಿಯಾರ ನಿಲ್ಲಲಿಲ್ಲ. ಪ್ರಶ್ನೆಪತ್ರಿಕೆಯ ಕೊನೆಯ ಪುಟಗಳನ್ನು ತಿರುವಿ ನೋಡುವಷ್ಟೂ ಹೊತ್ತು ಉಳಿಯಲಿಲ್ಲ. ಆ ಸಲ ಸೀಟು ತಪ್ಪಿತು.

ಮಗಳೂ ನಾನೂ ನಿಮ್ಮ ಕಚೇರಿಗೆ ಬಂದಿದ್ದೆವು. ನಿಮಗೆ ನೆನಪಿರಲಾರದು, ನೀವು ತಲೆ ಎತ್ತಲೇ ಇಲ್ಲ.

“ಅಷ್ಟೆಲ್ಲ ಯೋಚನೆ ಮಾಡು ಅಂತ ಯಾರು ಹೇಳಿದ್ರಮ್ಮ ನಿಂಗೆ?” ಎಂದಿರಿ.

“ನಿಮ್ಮ ಕೋರ್ಸಲ್ಲೇ ಹೇಳ್ಕೊಟ್ಟಿದ್ದು, ಸರ್,” ಎಂದಳು ಮಗಳು.

“ಕೋರ್ಸ್ ಬೇರೆ, ಪರೀಕ್ಷೆ ಬೇರೆ. ಎಲ್ಲಾದ್ರೂ ಕೋಚಿಂಗ್‌ಗೆ ಸೇರ್ಕೋ.”

ಎಂಥ ಘನ ಉಪದೇಶ. ಅಡುಗೆ ಕಲಿಸಿ ಈಜಿನಲ್ಲಿ ಪರೀಕ್ಷೆ ಮಾಡುವವರು, ಮುಳುಗಿದವರನ್ನು ಕಂಡು “ಈಜು ಕಲೀಬೇಕಿತ್ತು” ಎಂದ ಹಾಗೆ. ನಾನು ಆಸ್ಪತ್ರೆಯಲ್ಲಿ ನರ್ಸ್. ನಮ್ಮ ವಾರ್ಡಿಗೆ ಬರುವ ಯಾವ ಹೊಟ್ಟೆನೋವೂ ನಾಲ್ಕು ಉತ್ತರಗಳನ್ನು ಜೊತೆಗೆ ಕಟ್ಟಿಕೊಂಡು ಬರುವುದಿಲ್ಲ. ‘ತಡೀರಿ, ಇಲ್ಲೇನೋ ಬಿಟ್ಟುಹೋಗಿದೆ’ ಎನ್ನುವ ಡಾಕ್ಟರು ಬೇಕೋ, ಕಣ್ಣುಮುಚ್ಚಿ ಗುರುತು ಹಾಕುವವರು ಬೇಕೋ? ಆ ಹಾಸಿಗೆಯಲ್ಲಿ ನಾಳೆ ನೀವೇ ಮಲಗಿದ್ದರೆ?

ಕೋಚಿಂಗ್‌ಗೆ ಸೇರಿದಳು. ಒಂದು ವರ್ಷ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಪ್ರಶ್ನೆ ಓದಿ ಮುಗಿಸುವ ಮುಂಚೆಯೇ ಉತ್ತರ ಗುರುತಿಸುವುದನ್ನು ಕಲಿತಳು. ಗೆದ್ದಳು. ಫಲಿತಾಂಶ ಬಂದ ಸಂಜೆ ಒಲೆಯ ಮೇಲೆ ನೀರಿಟ್ಟಿದ್ದೆ. ಅವಳ ತಂಗಿ ಪಾತ್ರೆಯ ಕಡೆ ಕಿವಿಗೊಟ್ಟು, “ಅಕ್ಕ, ಕುದಿಯೋಕೆ ಮುಂಚೆ ನೀರು ಯಾಕೆ ಸದ್ದು ಮಾಡತ್ತೆ?” ಎಂದು ಕೇಳಿದಳು.

“ಅದು ಪರೀಕ್ಷೆಗೆ ಬರಲ್ಲ, ಬಿಡು,” ಎಂದಳು ದೊಡ್ಡವಳು, ತಿರುಗಿಯೂ ನೋಡದೆ.

ನನ್ನ ಒತ್ತಾಯ ಇಷ್ಟು: ಕಲಿಸಿದ್ದನ್ನೇ ಪರೀಕ್ಷಿಸಿ, ಯೋಚಿಸಲು ಹೊತ್ತು ಕೊಡಿ. ಆಗದಿದ್ದರೆ, ಯೋಚಿಸುವುದನ್ನು ಕಲಿತರೆ ನಮ್ಮ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತೀರಿ ಎಂದು ಮಕ್ಕಳೆದುರು ನಿಂತು ಬಾಯಿಬಿಟ್ಟು ಹೇಳಿ. ಬೇಗ ಹೇಳಿ. ಚಿಕ್ಕವಳೂ ಅದೇ ಕೋರ್ಸಿಗೆ ಸೇರುತ್ತೇನೆ ಎನ್ನುತ್ತಿದ್ದಾಳೆ. ನಾನಿನ್ನೂ ಹೂಂ ಅಂದಿಲ್ಲ.

ಇಂತಿ,
ಊರೆಲ್ಲ ಅಭಿನಂದಿಸುತ್ತಿರುವ ಒಬ್ಬ ತಾಯಿ