ಅಜ್ಜಿ ಪೊರಕೆ ಒಪ್ಪಿಸಿದ್ದು

ಅತೆಂಕೊ ಕೇರಿ, ಶೋಚಿಮಿಲ್ಕೊ
ಸಂತ ಲೂಕರ ಹಬ್ಬದ ಮರುದಿನ, 1562

ಪ್ರೀತಿಯ ಅಮ್ಮಾ,

ನಿನ್ನ ಮಗ ಗಾಸ್ಪರ್ ನೆಲ ಮುಟ್ಟಿ, ಬೆರಳು ಬಾಯಿಗಿಟ್ಟುಕೊಂಡು ಮಾಡುವ ನಮಸ್ಕಾರ. ಕ್ವೌನಾವಾಕದ ಸೆಖೆಯಲ್ಲಿ ಹೇಗಿದ್ದೀಯ? ಕಬ್ಬಿನ ಹಾಲಿನ ಕೊಪ್ಪರಿಗೆಯ ಪಕ್ಕ ನಿಂತು ಮೊಣಕೈ ಸುಟ್ಟುಕೊಂಡೆಯೆಂದು ಹತ್ತಿ ವರ್ತಕರು ಹೇಳಿದರು. ಗಾಯ ಮಾಗಿತೆ? ಕತ್ತಾಳೆ ಎಲೆಯ ತಿರುಳನ್ನು ಬಿಸಿ ಮಾಡಿ ಕಟ್ಟಬೇಕಂತೆ, ಗಾಣದ ಒಡೆಯನ ಹೆಂಡತಿ ಕೊಡುವ ಎಣ್ಣೆ ಹಚ್ಚಬಾರದಂತೆ. ಅಜ್ಜಿ ಇದನ್ನು ಮೊದಲು ಬರೆಯಬೇಕೆಂದು ಪಕ್ಕದಲ್ಲೇ ಕೂತು ಬರೆಸಿದಳು. ಈಗ ಎದ್ದು ಒಲೆಯ ಹತ್ತಿರ ಹೋಗಿದ್ದಾಳೆ, ಇನ್ನು ಮುಂದಿನದು ನನ್ನದೇ. ಈ ಪತ್ರವನ್ನು ಒಡೆಯನ ಗುಮಾಸ್ತನ ಕೈಗೆ ಕೊಡಬೇಡಮ್ಮ. ನಮ್ಮ ಕೇರಿಯ ಮಾರ್ತಿನ್ ಅಲ್ಲೇ ಇದ್ದಾನಲ್ಲ, ಅವನಿಂದ ಓದಿಸು. ಓದಿದ ಮೇಲೆ ಒಲೆಗೆ ಹಾಕು. ಯಾಕೆಂದು ಮುಂದೆ ನಿನಗೇ ತಿಳಿಯುತ್ತದೆ.

ಇಲ್ಲಿ ಎಲ್ಲರೂ ಕ್ಷೇಮ. ಕೆರೆಗದ್ದೆಯಲ್ಲಿ ಚೆಂಡುಹೂವು ಈ ಸಲ ಚೆನ್ನಾಗಿ ಬಂದಿದೆ. ತಾತ ದಿನಾ ದೋಣಿ ತುಂಬಿಸಿಕೊಂಡು ಪೇಟೆಗೆ ಹೋಗುತ್ತಾನೆ. ಹೂವು ಮುಗಿದರೂ ಅವನ ಮಾತು ಮುಗಿಯದೆ ಕತ್ತಲಾದ ಮೇಲೆ ಬರುತ್ತಾನೆ. ಮೊನ್ನೆ ಪೇಟೆಯ ಹೆಂಗಸೊಬ್ಬಳು, "ಲಾಸರೊ ಸಿಪಾಕ್, ನಿನ್ನ ಹೂವು ಬಾಡಿದ್ರೂ ನಾಲಿಗೆ ಬಾಡಲ್ವಲ್ಲಪ್ಪ" ಎಂದಳಂತೆ. ಅದನ್ನು ದೊಡ್ಡ ಬಿರುದು ಸಿಕ್ಕಿದ ಹಾಗೆ ಮನೆಗೆ ಬಂದು ಹೇಳಿದ. ಅಜ್ಜಿಗೆ ಸ್ವಲ್ಪ ಕೆಮ್ಮು. ಮಂಜು ಬೀಳುವ ಕಾಲವಲ್ಲವೆ, ಅದಕ್ಕೆ ಇರಬೇಕು.

ಈಗ ಕಲ್ಲಿನ ವಿಷಯ ಹೇಳುತ್ತೇನೆ. ನಮ್ಮ ಕೇರಿಯ ಹಳೆಯ ಗುಡಿಯಲ್ಲಿ ಉಳಿದಿದ್ದದ್ದು ತಳದ ಮೆಟ್ಟಿಲುಗಳು ಮಾತ್ರ. ಮೇಲಿನ ಕಲ್ಲೆಲ್ಲ ನಾನು ಹುಟ್ಟುವ ಮೊದಲೇ ಚರ್ಚಿನ ಗೋಡೆ ಸೇರಿತ್ತು. ಮಳೆ ನಿಂತ ಮೇಲೆ ಪಾದ್ರಿ ಎಸ್ತೆಬಾನರು ಅಂಗಳಕ್ಕೆ ಸುತ್ತುಗೋಡೆ ಬೇಕೆಂದು ಆ ಮೆಟ್ಟಿಲುಗಳನ್ನೂ ಕೀಳಿಸಲು ಹೇಳಿದರು. ಮನೆಗೊಬ್ಬ ಆಳು, ಸರದಿಯ ಮೇಲೆ. ನಮ್ಮ ಮನೆಯಿಂದ ನಾನು ಹೋದೆ. ಅಜ್ಜಿ ಬೆಳ್ಳಿ ಮೂಡುವ ಹೊತ್ತಿಗೆ ಹೋಗಿ ಆ ಮೆಟ್ಟಿಲು ಗುಡಿಸುತ್ತಿದ್ದುದು ನಿನಗೆ ಗೊತ್ತೇ ಇದೆ. ಚರ್ಚಿನ ಅಂಗಳ ಗುಡಿಸುತ್ತಾಳೆಂದು ತಿಳಿದು ಪಾದ್ರಿಗಳು ಒಂದು ಸಲ ಎಲ್ಲರ ಮುಂದೆ ಹೊಗಳಿದ್ದರು. ಆ ದಿನ ತಾತ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಯಾಕೆ ನಗುತ್ತಾನೆಂದು ನಮಗೆ ಆಗ ತಿಳಿದಿರಲಿಲ್ಲ. ನಾವು ಹಾರೆ ಹಾಕಿ ಮೊದಲನೆಯ ಮೆಟ್ಟಿಲು ಎಬ್ಬಿಸಿದ ದಿನ ಅಜ್ಜಿ ಪೊರಕೆ ಹಿಡಿದುಕೊಂಡೇ ಬಂದು ನೆಲದ ಮೇಲೆ ಕೂತಳು. ಅಳಲಿಲ್ಲ. ಆದರೆ ಮನೆಗೆ ಬಂದ ಮೇಲೆ ರೊಟ್ಟಿ ತಟ್ಟಲಿಲ್ಲ. ಅಜ್ಜಿ ರೊಟ್ಟಿ ತಟ್ಟದ ದಿನ ನಾನು ನೋಡಿದ್ದೇ ಇಲ್ಲ.

ಅಂದು ಅವಳು ನನಗೆ ಹೇಳಿದ್ದನ್ನು ನಿನಗೂ ಹೇಳಿಲ್ಲವಂತೆ. ಅವಳು ಹುಟ್ಟಿದಾಗ ಉಸಿರಾಡದೆ ನೀಲಿಯಾಗಿದ್ದಳಂತೆ. ಮಗು ಉಳಿದರೆ ಗುಡಿಯ ಸೇವೆಗೆ ಬಿಡುತ್ತೇನೆಂದು ಅವಳ ತಾಯಿ ಹರಕೆ ಹೊತ್ತಳು. ಎದೆಯ ಮೇಲಿನ ಸಣ್ಣ ಗಾಯದ ಗೆರೆ ಆ ಹರಕೆಯ ಗುರುತು. ದೊಡ್ಡವಳಾದ ಮೇಲೆ ಪೊರಕೆ, ಧೂಪ ಕೊಟ್ಟು ಗುಡಿಗೆ ಕಳಿಸಿದರು. ಒಂದು ವರ್ಷ ಗುಡಿಸುವುದು, ದೇವರ ಬಟ್ಟೆ ನೇಯುವುದು, ಬೆಳಗಿನ ನೈವೇದ್ಯಕ್ಕೆ ಹಿಟ್ಟು ಅರೆಯುವುದು. "ಗುಡಿ ಅಂದ್ರೆ ಬರೀ ದೇವ್ರ ಮನೆ ಅಂದ್ಕೊಂಡ್ಯೇನೋ" ಎಂದಳು. "ಕೇರಿ ಜೋಳದ ಕಣಜ ಅಲ್ಲೇ ಇತ್ತು. ಬರ ಬಂದಾಗ ಬಾಗಿಲು ತೆಗ್ದು ಅಳೆದು ಕೊಡೋರು. ಹುಡುಗ್ರು ಹಾಡು ಕಲೀತಿದ್ದದ್ದು, ಗದ್ದೆ ಗಡಿ ಜಗಳ ತೀರ್ತಿದ್ದದ್ದು, ಹೆಣ್ಣು ನೋಡೋಕೆ ಬಂದೋರು ಕೂತ್ಕೋತಿದ್ದದ್ದು ಎಲ್ಲ ಆ ಮೆಟ್ಲ ಮೇಲೇ. ಯಾರ ಮನೇಲಿ ಒಲೆ ಆರಿದ್ರೂ ಕೆಂಡ ಅಲ್ಲಿಂದ್ಲೇ ತರ್ಬೇಕು. ಈಗ ಬೆಂಕಿ ಬೇಕಾದ್ರೆ ಪಕ್ಕದ್ಮನೆ ಹೆಂಗಸು ಮುಖ ಗಂಟಿಕ್ತಾಳೆ." ನಾನು ಪಾದ್ರಿಗಳು ಹೇಳುವ ರಕ್ತದ ವಿಷಯ ಕೇಳಿದೆ. ಅವಳು ಒಲೆಯ ಬೂದಿ ಕೆದಕಿದಳು. ಆಮೇಲೆ, "ಸುಳ್ಳಲ್ಲ. ದೊಡ್ಡ ಹಬ್ಬದಲ್ಲಿ ಮೇಲಿನ ಜಗಲಿಗೆ ಹುಡುಗೀರನ್ನ ಬಿಡ್ತಿರ್ಲಿಲ್ಲ. ವಾಸನೆ ಮಾತ್ರ ಕೆಳಗೆ ಬರ್ತಿತ್ತು. ಒಂದ್ಸಲ ಬಲಿಗೆ ಹೋಗ್ತಿದ್ದವನೊಬ್ಬ ನನ್ನ ಪೊರಕೆ ನೋಡಿ ದಾಟ್ಕೊಂಡು ಹೋದ, ತುಳೀಲಿಲ್ಲ. ಅವನ ಪಾದ ಇವತ್ತೂ ಕಣ್ಮುಂದೆ ಇದೆ" ಎಂದಳು. ಇನ್ನು ನಾನು ಕೇಳಲಿಲ್ಲಮ್ಮ.

ಸೇವೆ ಮುಗಿಯಿತೆಂದು ಹುಡುಗಿ ತಾನೇ ಎದ್ದು ಮನೆಗೆ ಬರುವ ಹಾಗಿರಲಿಲ್ಲವಂತೆ. ಮನೆಯವರು ಕಡುಬು, ಧೂಪ, ಲಾವಕ್ಕಿ ತಂದು ಗುಡಿಯ ಹಿರಿಯರ ಮುಂದಿಟ್ಟು ಬಿಡಿಸಿಕೊಳ್ಳಬೇಕು. ಹಿರಿಯರು ಅವಳ ಕೈಯಿಂದ ಪೊರಕೆ ಈಸಿಕೊಂಡು ಕಳಿಸಿಕೊಡುವ ಮಾತು ಹೇಳಬೇಕು. ಆಮೇಲಷ್ಟೇ ಮದುವೆ, ಗಂಡನ ಹೊದಿಕೆಗೂ ಹೆಂಡತಿಯ ಕುಪ್ಪಸಕ್ಕೂ ಗಂಟು. ಅಜ್ಜಿಯ ವರ್ಷ ತುಂಬುವ ಹೊತ್ತಿಗೆ ಸಿಡುಬು ಬಂತು. ಬಿಡಿಸಿಕೊಳ್ಳಬೇಕಾದ ಅಪ್ಪ ಅಮ್ಮ, ಅಣ್ಣಂದಿರು, ಎಲ್ಲರೂ ಹೋದರು. ಆಮೇಲೆ ಯುದ್ಧ ಬಂತು, ಗುಡಿಗೆ ಬೆಂಕಿ ಬಿತ್ತು, ಹಿರಿಯರೂ ಹೋದರು. "ಪೊರಕೆ ಕೈಯಲ್ಲೇ ಉಳ್ಕೊಂತು ಮಗಾ" ಎಂದಳು. ಆ ಹಸಿವಿನಲ್ಲಿ ತಾತ ಅವಳನ್ನು ದೋಣಿಯಲ್ಲಿ ಕೂರಿಸಿಕೊಂಡು ತನ್ನ ಗುಡಿಸಲಿಗೆ ಕರೆತಂದ. ನೀನು ಹುಟ್ಟಿದೆ. ಮುಂದೆ ಪಾದ್ರಿಗಳು ಬಂದು ಕೇರಿಯ ಜೋಡಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದೇ ಮಂತ್ರದಲ್ಲಿ ಮದುವೆ ಮಾಡಿದರು. ಇವರೂ ಆ ಸಾಲಿನಲ್ಲಿದ್ದರು. ಆದರೆ ಗಂಟು ಮಾತ್ರ ಹಾಕಿಸಿಕೊಳ್ಳಲು ಅಜ್ಜಿ ಒಪ್ಪಲಿಲ್ಲ. ಬಿಡುಗಡೆಯಾಗದ ಹುಡುಗಿಗೆ ಎಲ್ಲಿಯ ಗಂಟು ಎಂದಳಂತೆ. ಅದಕ್ಕೇ ಇಷ್ಟು ವರ್ಷ ಆ ಮೆಟ್ಟಿಲು ಗುಡಿಸುತ್ತಿದ್ದಳು. ಅವಳ ಸೇವೆ ಇನ್ನೂ ಮುಗಿದಿರಲೇ ಇಲ್ಲ. "ಕೊನೇ ಕಲ್ಲು ಹೋಗೋದ್ರೊಳಗೆ ಯಾರಾದ್ರೂ ನನ್ನ ಕಳಿಸ್ಕೊಡ್ಬೇಕು. ಇಲ್ದಿದ್ರೆ ನಾನು ಯಾರ ಮನೆಯೋಳು ಅಂತ ಸಾಯ್ಲಿ?" ಎಂದಳು.

ಆ ಗುಡಿಯಲ್ಲಿ ಇದ್ದವರಲ್ಲಿ ಈಗ ಬದುಕಿರುವವರು ಒಬ್ಬರೇ, ಡಾನ್ ಬಲ್ತಸಾರ್. ಹೌದಮ್ಮ, ನಮ್ಮ ಚರ್ಚಿನ ಪಾರುಪತ್ತೇಗಾರರೇ. ಪೂಜೆಗೆ ಬಾರದವರ ಬೆನ್ನಿಗೆ ಬಾರುಕೋಲು ಹಾಕಿಸುವವರು, ಹೋದ ವರ್ಷ ಒಲೆಯ ಕೆಳಗೆ ಹಳೆಯ ದೇವರನ್ನು ಹೂತಿಟ್ಟಿದ್ದ ಮುದುಕನ ತಲೆ ಬೋಳಿಸಿ ಕೇರಿಯೆಲ್ಲ ತಿರುಗಿಸಿದವರು. ಅವರು ಚಿಕ್ಕವರಿದ್ದಾಗ ಗುಡಿಯ ಬೆಂಕಿ ಕಾಯುತ್ತಿದ್ದರಂತೆ. ಅವರ ಹತ್ತಿರ ಹೋಗಿ ಕೇಳಬೇಕು, ನೀನೇ ಹೋಗಬೇಕು ಎಂದು ಅಜ್ಜಿ ನನ್ನ ಮುಂದೆ ಹಟ ಹಿಡಿದಳು. ಬಿಡಿಸಿಕೊಳ್ಳುವ ಮಾತನ್ನು ಹುಡುಗಿಯ ಮನೆಯವರೇ ಆಡಬೇಕಂತೆ. ತಾತ ಗಂಡಿನ ಕಡೆಯವನು, ಅವನು ಹೋಗುವ ಹಾಗಿಲ್ಲವಂತೆ. "ಅವ್ರು ಪಾದ್ರಿಗೆ ಹೇಳಿದ್ರೆ ನಿನ್ನ ಕೂದ್ಲು ಹೋಗುತ್ತೆ ಕಣೇ" ಎಂದು ತಾತ ಹೆದರಿಸಿದ. "ಹೋಗ್ಲಿ, ಇರೋದಾದ್ರೂ ಎಷ್ಟಿದೆ" ಎಂದಳು.

ನನ್ನ ಬಾಯಿ ನಿನಗೆ ಗೊತ್ತಲ್ಲ. ಪೇಟೆಯಲ್ಲಿ ಹೂವಿನ ಬೆಲೆ ಹೇಳುವುದಕ್ಕೂ ನನಗೆ ಆಗುವುದಿಲ್ಲ. ದಾರಿಯುದ್ದಕ್ಕೂ ಅಜ್ಜಿ ಕಲಿಸಿದ ಮಾತನ್ನು ಹೇಳಿಕೊಂಡು ಹೋದೆ. ಡಾನ್ ಬಲ್ತಸಾರ್ ಜಗಲಿಯ ಮೇಲೆ ಮೇಣದಬತ್ತಿಗಳನ್ನು ಬಿಡಿಸಿ ಇಡುತ್ತಿದ್ದರು. ಅವರನ್ನು ನೋಡಿದ ಕೂಡಲೆ ಕಲಿತದ್ದೆಲ್ಲ ಮರೆತುಹೋಯಿತು. "ನಮ್ಮ ಹುಡುಗೀನ ಕಳಿಸ್ಕೊಡಿ" ಎಂದುಬಿಟ್ಟೆ. "ಯಾವ ಹುಡುಗಿ?" ಎಂದರು. "ಶೋಕೊ" ಎಂದೆ. ಅಜ್ಜಿಯ ಚರ್ಚಿನ ಹೆಸರು ಮಗ್ದಲೇನಾ, ಅದನ್ನು ಹೇಳಬೇಕೆನ್ನುವುದೂ ತೋಚಲಿಲ್ಲ. ಅವರ ಕೈಯಲ್ಲಿದ್ದ ಬತ್ತಿ ಮುರಿಯಿತು. ನನ್ನ ಮುಖ ನೋಡದೆ, "ಎದ್ದು ಹೋಗು. ಈ ಮಾತು ಇನ್ನೊಂದ್ಸಲ ನಿನ್ನ ಬಾಯಲ್ಲಿ ಬಂದ್ರೆ ಚರ್ಮ ಸುಲಿಸ್ತೀನಿ" ಎಂದರು.

ಮನೆಗೆ ಬಂದು ಹೇಳಿದೆ. ತಾತ ದೋಣಿಯಲ್ಲಿ ಚಾಪೆ, ಜೋಳ, ನೀರಿನ ಗಡಿಗೆ ಇಟ್ಟುಬಿಟ್ಟ, ಯಾರಾದರೂ ಹಿಡಿಯಲು ಬಂದರೆ ಜೊಂಡಿನೊಳಗೆ ಅಜ್ಜಿಯನ್ನು ಅಡಗಿಸಲು. ಅಜ್ಜಿ ಮಾತ್ರ ಎಂದಿನಂತೆ ಬೆಳಗ್ಗೆ ಎದ್ದು ಹೋಗಿ, ಉಳಿದಿದ್ದ ಒಂದೇ ಮೆಟ್ಟಿಲನ್ನು ಗುಡಿಸಿ ಬರುತ್ತಿದ್ದಳು. ಭಾನುವಾರದ ಪೂಜೆ ಮುಗಿಯಿತು. ಎಲ್ಲರೂ ಅಂಗಳದಲ್ಲಿ ಇದ್ದೆವು. ಡಾನ್ ಬಲ್ತಸಾರ್ ಪಾದ್ರಿಗಳ ಪಕ್ಕದಲ್ಲಿ ನಿಂತು ಬೆತ್ತವನ್ನು ನೆಲಕ್ಕೆ ಕುಟ್ಟಿ, "ಮಗ್ದಲೇನಾ ಶೋಕೊ, ಮುಂದೆ ಬಾ. ಪೊರಕೆ ತಗೊಂಡು ಬಾ" ಎಂದು ಕೂಗಿದರು. ತಾತ ಓಡಿಬಂದು ಅಡ್ಡ ನಿಂತು, ಹೊದಿಕೆ ಜಾರಿಸಿ ಬೆನ್ನು ತೋರಿಸಿ, "ಹೊಡೆಯೋದಾದ್ರೆ ಇಲ್ಲಿ ಹೊಡೀರಿ, ಜಾಗ ಬೇಕಾದಷ್ಟಿದೆ" ಎಂದ. ಯಾರೂ ನಗಲಿಲ್ಲ. ಅಜ್ಜಿ ಅವನನ್ನು ಪಕ್ಕಕ್ಕೆ ಸರಿಸಿದಳು.

ಡಾನ್ ಬಲ್ತಸಾರ್ ಪಾದ್ರಿಗಳ ಕಡೆ ತಿರುಗಿ ಅವರ ಭಾಷೆಯಲ್ಲಿ ಏನೋ ಹೇಳಿದರು. ಈ ಮುದುಕಿ ಬಹಳ ವರ್ಷ ಅಂಗಳ ಗುಡಿಸಿದ್ದಾಳೆ, ವಯಸ್ಸಾಯಿತು, ಇವತ್ತಿಗೆ ಬಿಡುಗಡೆ ಕೊಡೋಣ ಎಂದರಂತೆ. ಪಾದ್ರಿಗಳು ನಗುತ್ತ ತಲೆ ಆಡಿಸಿದರು. ಆಮೇಲೆ ಡಾನ್ ಬಲ್ತಸಾರ್ ನಮ್ಮ ಮಾತಿಗೆ ತಿರುಗಿದರು. ಬಾರುಕೋಲಿನ ದನಿ ಅದಲ್ಲಮ್ಮ. "ಮಗಳೇ, ಚಳಿಯಲ್ಲಿ ಎದ್ದೆ. ಧೂಳು ಕುಡಿದೆ. ಕೈ ಒರಟಾಯಿತು. ಕೇರಿಯವರೆಲ್ಲ ಮಲಗಿದ್ದಾಗ ಕೇರಿಗೋಸ್ಕರ ಎಚ್ಚರವಾಗಿದ್ದೆ. ನಿನ್ನ ಕೆಲಸವನ್ನು ನೋಡಬೇಕಾದವನು ನೋಡಿದ್ದಾನೆ. ಪೊರಕೆ ಇಲ್ಲಿ ಬಿಡು. ನಿನ್ನ ಒಲೆ ನಿನ್ನನ್ನು ಕರೆಯುತ್ತಿದೆ, ಹೋಗು" ಎಂದರು. ಅಜ್ಜಿಗಿಂತ ಅವರು ಚಿಕ್ಕವರು. ಆದರೂ ಮಗಳೇ ಎಂದರು, ಮಾತು ಹಾಗೇ ಇರಬೇಕು ನೋಡು. ಗುಡಿಯಿಂದ ಹೊರಟ ಹುಡುಗಿಯರಿಗೆ ಹಿರಿಯರು ಹೇಳುತ್ತಿದ್ದುದನ್ನು ಕೆಂಡ ಹಿಡಿದು ನಿಂತು ಕೇಳಿಸಿಕೊಂಡಿದ್ದರಂತೆ. ಒಂದು ಪದವನ್ನೂ ಮರೆತಿರಲಿಲ್ಲ. ಅಜ್ಜಿ ಪೊರಕೆ ಕೊಟ್ಟಳು, ಬಗ್ಗಿ ನೆಲ ಮುಟ್ಟಿ ಬೆರಳು ಬಾಯಿಗಿಟ್ಟಳು. ಹಿಂದೆ ನಿಂತಿದ್ದ ಮುದುಕ ಮುದುಕಿಯರೆಲ್ಲ ಒಬ್ಬೊಬ್ಬರಾಗಿ ಬಗ್ಗಿದರು. ನಮ್ಮ ವಯಸ್ಸಿನವರು ಏನೂ ತಿಳಿಯದೆ ನಿಂತಿದ್ದೆವು. ಪಾದ್ರಿಗಳಿಗೆ ಆ ಭಕ್ತಿ ನೋಡಿ ಕಣ್ಣು ತುಂಬಿ ಬಂತು, ಎಲ್ಲರನ್ನೂ ಆಶೀರ್ವದಿಸಿದರು. ಅವರು ಒಳ್ಳೆಯವರೇ ಅಮ್ಮಾ, ಅವರನ್ನು ಕಂಡು ನಗಬೇಕೆಂದು ನನಗೆ ಅನ್ನಿಸಲಿಲ್ಲ.

ಸಂಜೆ ತಾತ ಡಾನ್ ಬಲ್ತಸಾರರ ಮನೆಗೆ ಒಂದು ಬುಟ್ಟಿ ಕಡುಬು ಕಳಿಸಿದ. ನಾನೇ ಒಯ್ದೆ. ಅವರು ಬಾಗಿಲು ಅರ್ಧ ತೆರೆದು, ಬುಟ್ಟಿ ತೆಗೆದುಕೊಂಡು, "ಲಾವಕ್ಕಿ ಎಲ್ಲಿ?" ಎಂದರು. ನಾನು ಬೆವರಿಬಿಟ್ಟೆ. ಆಮೇಲೆ ನೋಡಿದರೆ ಮೀಸೆಯೊಳಗೆ ನಗುತ್ತಿದ್ದರು. ಮರುದಿನ ಕೊನೆಯ ಮೆಟ್ಟಿಲನ್ನೂ ಎಬ್ಬಿಸಿದೆವು. ಅಜ್ಜಿ ನೋಡಲು ಬರಲಿಲ್ಲ. ಆ ಹೊತ್ತಿಗೆ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು.

ನಿನ್ನ ಕೈಯನ್ನು ಜೋಪಾನವಾಗಿ ನೋಡಿಕೊ. ಮಾರ್ತಿನನಿಗೆ ನನ್ನ ನೆನಪು ಹೇಳು, ಓದುವಾಗ ತನ್ನ ಮಾತು ಸೇರಿಸಬಾರದೆಂದೂ ಹೇಳು. ಅಜ್ಜಿ ತಾತ ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸಿದ್ದಾರೆ. ದೇವರು ನಿನ್ನನ್ನು ಕಾಯಲಿ.

ನಿನ್ನ ಮಗ,
ಗಾಸ್ಪರ್ ಮಾಸಾತ್

ಮರೆತೆ: ವರ್ತಕರ ದೋಣಿ ಹೊರಡುತ್ತಿದೆ, ಬೇಗ ಬರೆಯುತ್ತೇನೆ. ಬಿಡುಗಡೆಯಾದ ಮೇಲೆ ತಾತನ ನಾಲಿಗೆ ಕಟ್ಟಿಹೋಯಿತು. "ಈಗ ಅವಳು ಯಾರ ಹಂಗೂ ಇಲ್ದೋಳು ಕಣೋ, ಒಲ್ಲೆ ಅಂದ್ಬಿಟ್ರೆ?" ಎಂದು ನನ್ನನ್ನು ಕೇಳಿದ. ಕೊನೆಗೆ ಪಕ್ಕದ ಮನೆಯ ಮುದುಕಿಯನ್ನು ಹೆಣ್ಣು ಕೇಳಲು ಕಳಿಸಿದ. ಪದ್ಧತಿಯಂತೆ ಅಜ್ಜಿ ಮೊದಲನೆಯ ಸಲ ಒಪ್ಪಲಿಲ್ಲ, "ಗಂಡು ಮಾತು ಜಾಸ್ತಿ, ಹಲ್ಲು ಕಮ್ಮಿ" ಎಂದು ಕಳಿಸಿಬಿಟ್ಟಳು. ಎರಡನೆಯ ಸಲ ಹೋದಾಗ, "ನಮ್ಮನೆಯೋರು ಹೂಂ ಅಂದ್ರೆ ನಂದೇನೂ ಅಡ್ಡಿ ಇಲ್ಲ" ಎಂದಳು. ನಾನು ಹೂಂ ಎಂದರೆ ಆಗುವುದಿಲ್ಲವಂತೆ, ಹೆಂಗಸು ಬೇಕಂತೆ. ಕೆಮ್ಮು ಸ್ವಲ್ಪ ಎಂದು ಮೇಲೆ ಬರೆದೆನಲ್ಲ, ಅವಳು ಒಲೆಯ ಹತ್ತಿರದಿಂದಲೇ ಬರೆದದ್ದನ್ನು ಓದಿಸಿ ಕೇಳುತ್ತಿದ್ದಳು, ಅದಕ್ಕೆ ಹಾಗೆ ಬರೆದೆ. ಸ್ವಲ್ಪ ಅಲ್ಲಮ್ಮ. ಒಡೆಯನನ್ನು ರಜೆ ಕೇಳು, ಅಪ್ಪ ಅಮ್ಮನ ಮದುವೆ ಎಂದು ಹೇಳು, ನಕ್ಕರೆ ನಗಲಿ. ಈ ವರ್ತಕರು ವಾಪಸ್ಸು ಬರುವಾಗ ಅವರ ಜೊತೆಯಲ್ಲೇ ಹೊರಟು ಬಾ. ಬಾಗಿಲಲ್ಲಿ ನಿಂತು "ನಮ್ಮ ಹುಡುಗಿಯನ್ನು ಕೊಟ್ಟೆವು" ಎನ್ನುವುದಕ್ಕೆ ಅಜ್ಜಿಯ ಕಡೆಯ ಹೆಂಗಸು ಎಂದು ಈ ಭೂಮಿಯ ಮೇಲೆ ನೀನೊಬ್ಬಳೇ.